ಹಿತ್ತಲ ಪಂಕ್ತಿಯಲ್ಲಿ ಯಾರ್ಯಾರು?

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಸೀಮೆಯ ಮನೆಯಂಗಳಕ್ಕೆ ಬರುವ ಹಕ್ಕಿಗಳನ್ನು ಪುಕ್ಕದ ಬಣ್ಣಕ್ಕಿಂತ ಉಣ್ಣುವ ಬಗೆಯಿಂದ ಗುರುತಿಸುವುದು ಸುಲಭ. ಒಂದು ಹಿಡಿ ನವಣೆ, ಒಂದು ಮಣ್ಣಿನ ತಟ್ಟೆ ನೀರು, ಸ್ವಲ್ಪ ತಾಳ್ಮೆ ಇದ್ದರೆ ಆಯಿತು.

ಜೋಳದ ತೆನೆ ಹಾಲುದುಂಬಿತೆಂದರೆ ಹೊಲದ ನಡುವೆ ಅಟ್ಟಣಿಗೆ ಏಳುತ್ತದೆ. ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೋದವರು ಬಿಸಿಲೇರುವ ತನಕ ಕವಣೆ ಬೀಸುತ್ತಾ, ತಗಡಿನ ಡಬ್ಬಿ ಬಡಿಯುತ್ತಾ, ಗಂಟಲು ಹರಿಯುವಂತೆ ಕೂಗುತ್ತಾ ಕೂರಬೇಕು. ಹೊತ್ತು ಇಳಿಯುವಾಗ ಮತ್ತೊಂದು ಪಾಳಿ. ‘ಹಕ್ಕಿ ಕಾಯೋದು’ ಎಂಬ ಈ ಕೆಲಸ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಎಷ್ಟೋ ಜನರ ಬಾಲ್ಯದಲ್ಲಿ ಶಾಲೆಯಷ್ಟೇ ಜಾಗ ಪಡೆದಿದೆ.

ಅಟ್ಟಣಿಗೆಯ ಮೇಲೆ ಕೂತವರಿಗೆ ಯಾವ ಹಕ್ಕಿ ಹೇಗೆ ತಿನ್ನುತ್ತದೆ ಎಂಬುದು ಬಾಯಿಪಾಠ. ಗಿಣಿ ತೆನೆಯನ್ನು ಕತ್ತರಿಸಿ ಉದುರಿಸುತ್ತದೆ. ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಗುಬ್ಬಿ, ರಾಟವಾಳಗಳು ತೆನೆಗೇ ಜೋತುಬಿದ್ದು ಹಾಲುಗಾಳು ಹಿಂಡುತ್ತವೆ. ಗುಲಾಬಿ ಕಬ್ಬಕ್ಕಿಯ ಹಿಂಡು ಇಳಿಯಿತೆಂದರೆ ಹೊಲದ ಒಂದು ಮಗ್ಗುಲು ಬೋಳಾದಂತೆಯೇ ಲೆಕ್ಕ. ಬೆಳವ ಮಾತ್ರ ನೆಲ ನಂಬಿದ ಜೀವ. ಉದುರಿದ್ದನ್ನು ಹೆಕ್ಕುವ ಅದರ ಕಡೆಗೆ ಕವಣೆ ತಿರುಗುವುದು ಅಪರೂಪ. ದುರ್ಬೀನು, ಪುಸ್ತಕ ಯಾವುದೂ ಇಲ್ಲದೆ ಹೊಟ್ಟೆಪಾಡಿಗಾಗಿ ಕಲಿತ ಪಕ್ಷಿವಿಜ್ಞಾನ ಇದು.

ಅದೇ ಮನೆಯವರು ಸುಗ್ಗಿ ಮುಗಿದ ಮೇಲೆ ಮೊರದಿಂದ ಬಿದ್ದ ನುಚ್ಚನ್ನು ಅಂಗಳಕ್ಕೆ ಚೆಲ್ಲುತ್ತಾರೆ. ಮಗುವಿಗೆ ಉಣಿಸುವಾಗ ಕಾಗಿಗೊಂದು ತುತ್ತು, ಗುಬ್ಬಿಗೊಂದು ತುತ್ತು ಎಂದು ಎತ್ತಿಡುತ್ತಾರೆ. ಹೊಲದಲ್ಲಿ ಕಳ್ಳನಾದದ್ದು ಅಂಗಳದಲ್ಲಿ ನೆಂಟನಾಗುತ್ತದೆ. ಹಕ್ಕಿ ಗುರುತಿಸಲು ಕಲಿಯಬೇಕೆಂದಿರುವವರಿಗೆ ಈ ಅಂಗಳಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಹಕ್ಕಿ ಹತ್ತಿರ ಬರುತ್ತದೆ, ದಿನವೂ ಬರುತ್ತದೆ, ಉಣ್ಣುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹೊಲ ಕಾಯುವವರ ಹಳೆಯ ಪಾಠವನ್ನೇ ಇಲ್ಲಿಗೂ ತಂದುಕೊಳ್ಳಬಹುದು: ಮೊದಲು ಊಟ ನೋಡು, ಆಮೇಲೆ ಬಣ್ಣ.

ಗುಬ್ಬಿ ಎಂದುಕೊಂಡದ್ದೆಲ್ಲ ಗುಬ್ಬಿಯಲ್ಲ

ಹೊಸಬರು ಮೊದಲು ಎಡವುವುದು ಕಂದು ಬಣ್ಣದ ಚಿಕ್ಕ ಹಕ್ಕಿಗಳಲ್ಲಿ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಂಥ ಊರಿನ ಅಂಗಳಕ್ಕೆ ಕಾಳು ಚೆಲ್ಲಿದರೆ ‘ಗುಬ್ಬಿ’ ಎಂಬ ಒಂದೇ ಹೆಸರಿನಡಿ ಮೂರು ನಾಲ್ಕು ಬಗೆಯ ಹಕ್ಕಿಗಳು ಇಳಿಯಬಹುದು.

ನಿಜವಾದ ಮನೆಗುಬ್ಬಿಯಲ್ಲಿ ಗಂಡಿನದು ಬೂದು ನೆತ್ತಿ, ಕಂದುಗೆಂಪು ಕತ್ತಿನ ಪಕ್ಕ, ಗದ್ದದಿಂದ ಎದೆಗೆ ಇಳಿದ ಕಪ್ಪು ಪಟ್ಟೆ. ಹೆಣ್ಣಿಗೆ ಈ ಅಲಂಕಾರವಿಲ್ಲ; ಮಾಸಲು ಕಂದು ಮೈ, ಕಣ್ಣಿನ ಹಿಂದೆ ತಿಳಿ ಗೀರು. ಎರಡೂ ಕುಪ್ಪಳಿಸಿ ಚಲಿಸುತ್ತವೆ. ಜನರಿಗೆ ಹೆದರುವುದು ಕಡಿಮೆ. ಹೊಸ್ತಿಲು ದಾಟಿ ಒಳಗೂ ಬಂದಾವು.

ಇದೇ ಹೆಣ್ಣು ಗುಬ್ಬಿಯನ್ನು ಹೋಲುವ ಇನ್ನೊಂದು ಹಕ್ಕಿ ಗೀಜಗ. ಮುಂಗಾರು ಹಿಡಿದ ಮೇಲೆ ಗಂಡು ಗೀಜಗದ ನೆತ್ತಿ, ಎದೆ ಹಳದಿಯೇರಿ ಮುಖ ಕಪ್ಪಾಗುತ್ತದೆ. ಬಾವಿಯ ಮೇಲೆ ಬಾಗಿದ ಜಾಲಿ, ಈಚಲುಗಳಲ್ಲಿ ಅದು ನೇಯುವ ಗೂಡನ್ನು ಗುರುತಿಸದವರಿಲ್ಲ. ಆದರೆ ಆ ಕಾಲ ಕಳೆದ ಮೇಲೆ ಗಂಡೂ ಹೆಣ್ಣಿನ ವೇಷಕ್ಕೆ ಮರಳುತ್ತದೆ. ಆಗ ನೋಡಬೇಕಾದದ್ದು ಕೊಕ್ಕು ಮತ್ತು ಬಾಲ. ಗೀಜಗದ ಕೊಕ್ಕು ಗುಬ್ಬಿಯದಕ್ಕಿಂತ ದಪ್ಪ, ಬಾಲ ಮೊಟಕು, ಹುಬ್ಬು ಹಳದಿ ಛಾಯೆಯದು. ಇನ್ನೊಂದು ಸುಳಿವೂ ಇದೆ. ಗೀಜಗಗಳು ಗುಂಪಾಗಿ ಇಳಿದು ಗುಂಪಾಗಿಯೇ ಏಳುತ್ತವೆ. ಮನೆಗುಬ್ಬಿಯ ಸಲುಗೆ ಅವಕ್ಕಿಲ್ಲ.

ಮೂರನೆಯದು ರಾಟವಾಳ, ಅಂದರೆ ಮುನಿಯಾ. ಒಣಭೂಮಿಯಲ್ಲಿ ಹೆಚ್ಚಾಗಿ ಸಿಗುವುದು ಬಿಳಿಗಂಟಲಿನ ಮುನಿಯಾ: ತಿಳಿ ಮಣ್ಣಿನ ಬಣ್ಣದ ಮೈ, ಬೆಳ್ಳಿಯ ಛಾಯೆಯ ಗಿಡ್ಡ ದಪ್ಪ ಕೊಕ್ಕು, ಚೂಪಾಗಿ ಹೊರಚಾಚಿದ ಕಪ್ಪು ಬಾಲ. ಗುಬ್ಬಿ ಸುಮಾರು 15 ಸೆಂಟಿಮೀಟರು ಉದ್ದವಿದ್ದರೆ ಇದು 11 ದಾಟುವುದು ಕಷ್ಟ. ಗೀಜಗ ಬಿಟ್ಟುಹೋದ ಹಳೆಯ ಗೂಡಿನಲ್ಲಿ ಬಿಡಾರ ಹೂಡುವ ಅಭ್ಯಾಸ ಇದಕ್ಕುಂಟು. ಇದರ ನೆಂಟ ಚುಕ್ಕೆ ರಾಟವಾಳಕ್ಕೆ ಚಾಕೊಲೇಟ್ ಬಣ್ಣದ ಮುಖ, ಬಿಳಿ ಹೊಟ್ಟೆಯ ಮೇಲೆ ಮೀನಿನ ಪೊರೆಯ ಗುರುತು. ಎರಡೂ ಹುಲ್ಲಿನ ಬೀಜದ ಗಿರಾಕಿಗಳು. ತಟ್ಟೆಯಲ್ಲಿ ಜೋಳವನ್ನಷ್ಟೇ ಇಟ್ಟರೆ ಅತ್ತ ಸುಳಿಯುವುದೇ ಅನುಮಾನ. ನವಣೆ, ಸಾವೆ ಇಟ್ಟು ನೋಡಿ. ನವಣೆಯ ತೆನೆಯನ್ನೇ ಬಿಡಿಸದೆ ಬೇಲಿಗೆ ಕಟ್ಟಿದರೆ ಅವು ಜೋತುಬಿದ್ದು ತಿನ್ನುವ ಚಾಕಚಕ್ಯವೂ ಕಾಣುತ್ತದೆ.

ನಾಲ್ಕನೆಯದು ಅಂಗಳಕ್ಕಿಂತ ಮರಕ್ಕೆ ಒಗ್ಗಿದ ಹಳದಿಗೊರಳಿನ ಗುಬ್ಬಿ. ಮೈಮೇಲೆ ಗೀರುಗಳಿಲ್ಲ, ರೆಕ್ಕೆಯಲ್ಲಿ ಎರಡು ಬಿಳಿ ಗೆರೆ, ಗಂಡಿನ ಭುಜದಲ್ಲಿ ಕಂದುಗೆಂಪು ಮಚ್ಚೆ, ಗಂಟಲಲ್ಲಿ ಒಂದಿಷ್ಟು ಅರಿಶಿನ. ಮರದ ಪೊಟರೆಯೇ ಇದರ ಮನೆ. 1908ರಲ್ಲಿ ಒಬ್ಬ ಹುಡುಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಕಂಡು, ಅದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ. ಅಲ್ಲಿನ ಗೌರವ ಕಾರ್ಯದರ್ಶಿ ಮಿಲರ್ಡ್ ಗದರದೆ ಸೊಸೈಟಿಯ ಹಕ್ಕಿಗಳ ಸಂಗ್ರಹವನ್ನೇ ತೆರೆದು ತೋರಿಸಿದರು. ಆ ಹುಡುಗ ಸಲೀಂ ಅಲಿ. 1985ರಲ್ಲಿ ಬಂದ ಅವರ ಆತ್ಮಕಥೆಯ ಶೀರ್ಷಿಕೆಯಲ್ಲೂ ಆ ಗುಬ್ಬಿಯೇ ಇದೆ. ಭಾರತದ ಪಕ್ಷಿವಿಜ್ಞಾನದ ಒಂದು ದೊಡ್ಡ ಅಧ್ಯಾಯ ಶುರುವಾದದ್ದು ‘ಇದು ಗುಬ್ಬಿ ಹೌದೋ ಅಲ್ಲವೋ’ ಎಂಬ ಪ್ರಶ್ನೆಯಿಂದ.

ಹೊಟ್ಟು ಹೇಳುವ ಸಾಕ್ಷಿ

ತಟ್ಟೆಯಲ್ಲಿ ಉಳಿದದ್ದನ್ನು ನೋಡಿಯೂ ಬಂದುಹೋದವರನ್ನು ಹೇಳಬಹುದು. ಗುಬ್ಬಿ, ಗೀಜಗ, ರಾಟವಾಳಗಳು ಕಾಳನ್ನು ಕೊಕ್ಕಿನಲ್ಲಿ ಉರುಳಿಸಿ ಸಿಪ್ಪೆ ಬಿಡಿಸಿ ತಿರುಳನ್ನಷ್ಟೇ ನುಂಗುತ್ತವೆ. ಹಾಗಾಗಿ ನವಣೆಯ ತಟ್ಟೆ ತುಂಬಿದಂತೆಯೇ ಕಂಡರೂ ಬಾಯಿಂದ ಊದಿದರೆ ಹೊಟ್ಟು ಹಾರಿ ತಳ ಕಾಣುತ್ತದೆ. ಬೆಳವ, ಪಾರಿವಾಳಗಳಿಗೆ ಈ ನಾಜೂಕಿಲ್ಲ. ಇಡೀ ಕಾಳನ್ನು ನುಂಗಿ, ಜೊತೆಗೆ ನುಂಗಿದ ಹರಳುಗಳ ನೆರವಿನಿಂದ ಜಠರದಲ್ಲಿ ಅರೆದುಕೊಳ್ಳುತ್ತವೆ. ತಟ್ಟೆಯಲ್ಲಿ ಹೊಟ್ಟೇ ಇಲ್ಲದೆ ಕಾಳು ಮಾಯವಾಗಿದ್ದರೆ ಬೆಳವ ಬಂದಿತ್ತು ಎನ್ನಬಹುದು. ಸೂರ್ಯಕಾಂತಿಯ ಸಿಪ್ಪೆ ಚೂರುಚೂರಾಗಿ ಬಿದ್ದಿದ್ದರೆ ಗಿಣಿ. ಅದು ಕಾಲಿನಲ್ಲಿ ಹಿಡಿದು ತಿನ್ನಬಲ್ಲದು. ಅರ್ಧ ತಿಂದು ಎಸೆದು ಮತ್ತೊಂದಕ್ಕೆ ಬಾಯಿ ಹಾಕುತ್ತದೆ.

ನೀರು ಕುಡಿಯುವಾಗಲೂ ಇದೇ ಭೇದ. ಗುಬ್ಬಿ, ಗೊರವಂಕ, ಕಾಗೆಗಳು ಕೊಕ್ಕಿನಲ್ಲಿ ಒಂದು ಗುಟುಕು ಎತ್ತಿ ತಲೆ ಮೇಲೆ ಮಾಡಿ ಇಳಿಸಿಕೊಳ್ಳುತ್ತವೆ. ಬೆಳವ, ಪಾರಿವಾಳಗಳು ಕೊಕ್ಕು ಅದ್ದಿ ತಲೆ ಎತ್ತದೆ ಹೀರುತ್ತವೆ. ದೂರದಿಂದ ಬಣ್ಣ ಕಾಣದಿದ್ದರೂ ನೀರಿನ ತಟ್ಟೆಯ ಬಳಿ ತಲೆ ಬಗ್ಗಿಸಿಯೇ ಇರುವ ಹಕ್ಕಿ ಯಾವ ಕುಲದ್ದೆಂದು ಹೀಗೆ ತಿಳಿಯುತ್ತದೆ.

ಬೆಳವಗಳೊಳಗಿನ ಗುರುತಿಗೆ ಕತ್ತು ನೋಡಬೇಕು. ಕತ್ತಿನ ಹಿಂದೆ ಒಂದೇ ಕಪ್ಪು ಅರ್ಧ ಕಂಠಿ ಇದ್ದು ಮೈ ತಿಳಿ ಬೂದಿ ಬಣ್ಣದ್ದಾದರೆ ಅದು ದೊಡ್ಡ ಬೂದು ಬೆಳವ. ಮಧ್ಯಾಹ್ನದ ಬಿಸಿಲಲ್ಲಿ ತಂತಿಯ ಮೇಲೆ ಕೂತು ಮೂರು ಸ್ವರದ ಒಂದೇ ಪಲ್ಲವಿಯನ್ನು ಎಳೆಯುವುದು ಇದೇ. ಕತ್ತಿನ ಹಿಂದೆ ಕಪ್ಪು ಹಿನ್ನೆಲೆಗೆ ಬಿಳಿ ಚುಕ್ಕೆಗಳಿದ್ದು ಬೆನ್ನೂ ಚುಕ್ಕೆಯಾಗಿದ್ದರೆ ಚೋರೆ ಹಕ್ಕಿ. ಮರಗಿಡ ದಟ್ಟವಾಗಿರುವ ತೋಟದ ಕಡೆ ಇದರ ಓಡಾಟ ಹೆಚ್ಚು. ಇವೆರಡಕ್ಕಿಂತ ಚಿಕ್ಕದಾಗಿ, ಗುಲಾಬಿ ಛಾಯೆಯ ತಲೆ, ಕೊರಳ ಮುಂದೆ ಕಂದು-ಕಪ್ಪು ಚೌಕುಳಿ, ರೆಕ್ಕೆಯಂಚಿನಲ್ಲಿ ನೀಲಿಬೂದು ಇದ್ದರೆ ಅದು ಕಂದು ಬೆಳವ. ಒಣನಾಡಿನ ಅಂಗಳಕ್ಕೆ ಎಲ್ಲರಿಗಿಂತ ಸಲೀಸಾಗಿ ಒಗ್ಗಿಕೊಂಡದ್ದೂ ಇದೇ. ಕಿಟಕಿಯ ಸಜ್ಜೆ, ಮೀಟರ್ ಪೆಟ್ಟಿಗೆ ಎಲ್ಲಿ ಬೇಕಾದರೂ ನಾಲ್ಕು ಕಡ್ಡಿ ಜೋಡಿಸಿ ಮೊಟ್ಟೆ ಇಟ್ಟುಬಿಡುತ್ತದೆ.

ನಡೆಯುವವರು, ಕುಪ್ಪಳಿಸುವವರು

ಗಾತ್ರ ಹೇಳಲು ಮೂರು ಅಳತೆಗೋಲು ಸಾಕು: ಗುಬ್ಬಿ, ಗೊರವಂಕ, ಕಾಗೆ. ಹೊಸ ಹಕ್ಕಿ ಕಂಡಾಗ ‘ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಸಣ್ಣದು’ ಎಂದು ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ನಡಿಗೆ. ಗುಬ್ಬಿ ಕುಪ್ಪಳಿಸುತ್ತದೆ, ಬೆಳವ ತಲೆ ಆಡಿಸುತ್ತಾ ಅಡಿಯಿಡುತ್ತದೆ, ಗೊರವಂಕ ಎದೆ ಸೆಟೆಸಿ ನಡೆಯುತ್ತದೆ.

ಗೊರವಂಕದ ಕಂದು ಮೈ, ಕಣ್ಣಿನ ಸುತ್ತಲ ಹಳದಿ ಚರ್ಮ, ಹಾರುವಾಗ ಮಿನುಗುವ ರೆಕ್ಕೆಯ ಬಿಳಿ ಮಚ್ಚೆ ಎಲ್ಲರಿಗೂ ಪರಿಚಿತ. ಅದರ ಜೊತೆಯಲ್ಲೇ ಕೆಲವೊಮ್ಮೆ ಕರಿತಲೆ ಕಬ್ಬಕ್ಕಿ ಬರುತ್ತದೆ. ಹಿಂದಕ್ಕೆ ಬಾಚಿದ ಕಪ್ಪು ಜುಟ್ಟು, ಹೊಟ್ಟೆಗೆಲ್ಲ ಗೋದಿ ಬಣ್ಣ. ಬಾಗಿಲ ಮುಂದೆ ಅನ್ನದಗುಳು ಹೆಕ್ಕುತ್ತದೆ, ಜಾಲಿಯ ಹೂವಿನಲ್ಲಿ ಮಕರಂದವನ್ನೂ ಹುಡುಕುತ್ತದೆ. ಅದರ ಬಂಧು ಗುಲಾಬಿ ಕಬ್ಬಕ್ಕಿ ಮಾತ್ರ ಪರದೇಶಿ. ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ ನಮ್ಮಲ್ಲಿ ಮಳೆಗಾಲ ಇನ್ನೂ ಮುಗಿಯದಿರುವಾಗಲೇ ಬರತೊಡಗುತ್ತದೆ, ಬೇಸಿಗೆ ಕಾಲಿಟ್ಟಾಗ ಮರಳುತ್ತದೆ. ಕಪ್ಪು ತಲೆ ಮತ್ತು ರೆಕ್ಕೆ, ನಡುವೆ ಗುಲಾಬಿ ಮೈ. ಜೋಳ ಕಂಡರೆ ಮುಗಿಬೀಳುವ ಈ ಹಕ್ಕಿ ತನ್ನ ತವರಿನಲ್ಲಿ ಮಿಡತೆಗಳ ಕಡುವೈರಿ. ನಮ್ಮ ಹೊಲಗಳಲ್ಲೂ ಕಾಳಿನ ಜೊತೆ ಹುಳುಗಳನ್ನು ತಿನ್ನುತ್ತದೆ ಎಂಬ ಮಾತನ್ನು ಅಟ್ಟಣಿಗೆಯ ಮೇಲೆ ಕೂತವರಿಗೆ ಒಪ್ಪಿಸುವುದು ಕಷ್ಟ.

ಕಾಗೆಗಳಲ್ಲಿ ಕತ್ತು ಬೂದಿಯಾಗಿದ್ದರೆ ಊರ ಕಾಗೆ, ಪೂರ್ತಿ ಕಪ್ಪಾಗಿ ಕೊಕ್ಕು ದಪ್ಪಗಿದ್ದರೆ ಕಾಡು ಕಾಗೆ. ಪೂರ್ತಿ ಕಪ್ಪಾಗಿದ್ದು ಕಣ್ಣು ಕೆಂಪಗೆ, ಕೊಕ್ಕು ತಿಳಿ ಹಸಿರಾಗಿ, ಬಾಲ ಉದ್ದವಾಗಿದ್ದರೆ ಅದು ಗಂಡು ಕೋಗಿಲೆ. ಹೆಣ್ಣಿನ ಕಂದು ಮೈ ತುಂಬ ಬಿಳಿ ಚುಕ್ಕೆ, ಪಟ್ಟೆ. ಎರಡೂ ಒಂದೇ ಜಾತಿಯೆಂದು ಎಷ್ಟೋ ಜನ ನಂಬುವುದಿಲ್ಲ. ಬೇವಿನ ಹಣ್ಣು ಮಾಗುವ ಕಾಲಕ್ಕೆ ಕೋಗಿಲೆ ಕಣ್ಣಿಗೆ ಬೀಳುವುದು ಹೆಚ್ಚು; ಅಲ್ಲೇ ಸನಿಹದಲ್ಲಿ ಕಾಗೆಯ ಗೂಡೂ ಇರುತ್ತದೆ. ಕಾಗೆ ಕೋಗಿಲೆಯನ್ನು ಅಟ್ಟಾಡಿಸುವುದು ಕಂಡರೆ ಕಾರಣ ಆ ಗೂಡು. ಅದರೊಳಗೆ ತನ್ನ ಮೊಟ್ಟೆ ಸೇರಿಸಲು ಕೋಗಿಲೆ ಹೊಂಚುತ್ತಿರುತ್ತದೆ.

ಕಂದು ಮೈಯ ಐದಾರು, ಎಂಟು ಹಕ್ಕಿಗಳು ತಿಪ್ಪೆಯ ಬಳಿ ಎಲೆ ಕೆದರುತ್ತಾ ಒಟ್ಟಿಗೆ ಕಲಕಲ ಎನ್ನುತ್ತಿದ್ದರೆ ಅವು ಹರಟೆಮಲ್ಲಗಳು. ಒಂಟಿಯಾಗಿ ಅವು ಸಿಗುವುದೇ ಇಲ್ಲ ಎನ್ನಬಹುದು. ಹಾರುವಾಗ ಉದ್ದ ಬಾಲದ ಅಂಚು ಬಿಳಿಯಾಗಿ ಕಂಡರೆ ಅದು ದೊಡ್ಡ ಬೂದು ಹರಟೆಮಲ್ಲ, ಕುರುಚಲು ಸೀಮೆಯ ಖಾಯಂ ನಿವಾಸಿ.

ಕಾಳು ಮುಟ್ಟದವರಿಗೆ ನೀರು

ಪಾಶ್ಚಾತ್ಯ ದೇಶಗಳಲ್ಲಿ ಹಿತ್ತಲ ಹಕ್ಕಿ ಎಂದರೆ ಹಿಮ ಬೀಳುವ ಕಾಲಕ್ಕೆ ತೂಗುಬಿಟ್ಟ ಕಾಳಿನ ಕೊಳವೆಯ ಚಿತ್ರ ಕಣ್ಣಿಗೆ ಬರುತ್ತದೆ. ಅಲ್ಲಿ ಚಳಿಗಾಲದಲ್ಲಿ ನೆಲವೇ ಮುಚ್ಚಿಹೋಗುವುದರಿಂದ ಕಾಳು ಜೀವ ಉಳಿಸುತ್ತದೆ. ನಮ್ಮ ಮಳೆನೆರಳಿನ ಸೀಮೆಯಲ್ಲಿ ಅಂಥ ಕೊರತೆಯ ಕಾಲ ಬೇಸಿಗೆ, ಕೊರತೆಯ ವಸ್ತು ನೀರು. ಮಾರ್ಚ್ ಮುಗಿಯುವ ಹೊತ್ತಿಗೆ ಹಳ್ಳ, ಗೋಕಟ್ಟೆ ಒಣಗಿ ಬಿರಿಯುತ್ತವೆ. ಹಕ್ಕಿಗೆ ಬೆವರುವ ಗ್ರಂಥಿಯಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟು, ಉಸಿರಿನ ಜೊತೆ ನೀರನ್ನು ಕಳೆದುಕೊಂಡೇ ಅದು ಮೈ ತಂಪಾಗಿಸಿಕೊಳ್ಳಬೇಕು. ಹಾಗಾಗಿ ಈ ಸೀಮೆಯಲ್ಲಿ ಒಂದೇ ತಟ್ಟೆ ಇಡಲು ಸಾಧ್ಯವಿದ್ದರೆ ಅದು ನೀರಿನದಾಗಿರಲಿ.

ನೀರಿಟ್ಟರೆ ಇನ್ನೊಂದು ಲಾಭವಿದೆ. ಕಾಳಿಗೆ ಬರುವವು ಕಾಳು ತಿನ್ನುವ ಹಕ್ಕಿಗಳಷ್ಟೇ. ಹುಳ, ಹಣ್ಣು, ಮಕರಂದ ನೆಚ್ಚಿದವಕ್ಕೆ ಜೋಳ ಇದ್ದೂ ಇಲ್ಲದ ಸಮ. ನೀರಿನ ತಟ್ಟೆಗೆ ಮಾತ್ರ ಎಲ್ಲರೂ ಬರುತ್ತಾರೆ, ಪಂಕ್ತಿಭೇದವಿಲ್ಲ.

ಮೊದಲು ಧೈರ್ಯ ಮಾಡುವುದು ಪಿಕಳಾರ. ಕಪ್ಪು ತಲೆ, ಗಿಡ್ಡ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಜೋಡಿಯಾಗಿ ಬಂದು ಒಂದು ಮೀಯುವಾಗ ಇನ್ನೊಂದು ಕೊಂಬೆಯಲ್ಲಿ ಕೂತಿರುತ್ತದೆ. ಜುಟ್ಟು ಉದ್ದವಾಗಿ ಮೊನಚಾಗಿದ್ದು ಕೆನ್ನೆಯಲ್ಲಿ ಕೆಂಪು ಗುರುತಿದ್ದರೆ ಅದು ಕೆಮ್ಮೀಸೆ ಪಿಕಳಾರ. ಒಣ ಬಯಲಿಗಿಂತ ತೋಟ, ಹಸಿರು ಹೆಚ್ಚಿದ ಕಡೆ ಅದರ ವಾಸ. ಈ ಕುಲದ ಅಪರೂಪದ ಸದಸ್ಯ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಈ ಹಕ್ಕಿಯನ್ನು ನೋಡಲು ದೂರದೂರದವರು ಹಂಪಿ, ದರೋಜಿಯ ಕಲ್ಲುಗುಡ್ಡಗಳಿಗೆ ಬರುತ್ತಾರೆ. ಅದು ಅಂಗಳಕ್ಕೆ ಇಳಿಯುವ ಜಾತಿಯದಲ್ಲ. ಆದರೆ ಪಿಕಳಾರದ ಗುರುತು ಹಿತ್ತಲಲ್ಲಿ ಗಟ್ಟಿಯಾದವರಿಗೆ ಬಂಡೆಯ ಮೇಲೆ ಇನ್ನೊಂದು ಬಗೆಯ ಪಿಕಳಾರ ಕಂಡಾಗ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ.

ಕಲ್ಲು ಗೋಡೆಯ ಮೇಲೆ ಬಾಲ ನೆಟ್ಟಗೆ ಎತ್ತಿ ಕೂತ ಚಿಕ್ಕ ಕಪ್ಪು ಹಕ್ಕಿ, ಬಾಲದಡಿ ಇಟ್ಟಿಗೆಗೆಂಪು, ರೆಕ್ಕೆಯಲ್ಲಿ ಒಂದು ಬಿಳಿ ಗೀರು: ಇದು ಇಂಡಿಯನ್ ರಾಬಿನ್. ಹೆಣ್ಣು ಬೂದುಗಂದು. ಇದಕ್ಕಿಂತ ದೊಡ್ಡದಾಗಿ, ಹೊಟ್ಟೆ ಬಿಳಿ, ರೆಕ್ಕೆಯುದ್ದಕ್ಕೂ ಬಿಳಿ ಪಟ್ಟೆ ಇದ್ದರೆ ಮಡಿವಾಳ ಹಕ್ಕಿ. ಬೇಸಿಗೆಯ ಮುಂಜಾವಿನಲ್ಲಿ ತಂತಿಯ ತುದಿಯಿಂದ ಬರುವ ಬಗೆಬಗೆಯ ಸಿಳ್ಳೆ ಅದರದು.

ಸೂರಕ್ಕಿ ನೀರಿಗಿಂತ ದಾಸವಾಳಕ್ಕೆ ಒಲಿದದ್ದು. ಬಾಗಿದ ಸಣ್ಣ ಕೊಕ್ಕು, ಹೆಬ್ಬೆರಳಿಗಿಂತ ತುಸು ದೊಡ್ಡ ಮೈ. ಗಂಡಿನ ಹೊಟ್ಟೆ ಹಳದಿಯಾಗಿ ಬೆನ್ನು ಕಂದುಗೆಂಪಾಗಿದ್ದರೆ ನೇರಳೆ ಪೃಷ್ಠದ ಸೂರಕ್ಕಿ. ಮೈಯೆಲ್ಲ ಕಪ್ಪಾಗಿ ಬಿಸಿಲಿಗೆ ನೀಲಿ-ನೇರಳೆ ಮಿಂಚಿದರೆ ನೇರಳೆ ಸೂರಕ್ಕಿ. ಎರಡನೆಯದರ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಮಿಂಚು ಕಳಚಿ ಹೆಣ್ಣಿನ ಹಳದಿಗೆ ಇಳಿಯುತ್ತದೆ. ಗಂಟಲಿಂದ ಹೊಟ್ಟೆಗೆ ಇಳಿದ ಒಂದು ಕಪ್ಪು ಗೆರೆ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಕನ್ನಡಿಗೆ ದಿನವೂ ಕುಟ್ಟುವ ಹಕ್ಕಿ ಇದೇ ಇರಬಹುದು. ಪ್ರತಿಬಿಂಬವನ್ನು ಎದುರಾಳಿ ಎಂದು ಬಗೆದು ತನ್ನ ಸರಹದ್ದು ಕಾಯುತ್ತಿರುತ್ತದೆ. ಕನ್ನಡಿಗೆ ಒಂದು ಬಟ್ಟೆ ಮುಚ್ಚಿದರೆ ಜಗಳ ಮುಗಿಯುತ್ತದೆ.

ಕಣ್ಣಿಗಿಂತ ಕಿವಿಗೆ ಮೊದಲು ಸಿಗುವುದು ಸಿಂಪಿಗ. ಗುಬ್ಬಿಗಿಂತ ಚಿಕ್ಕ ಹಸುರು ಬೆನ್ನಿನ ಈ ಹಕ್ಕಿ ಎಲೆಗಳನ್ನು ಹೊಲಿದು ಗೂಡು ಮಾಡುತ್ತದೆ. ನೆತ್ತಿ ತುಕ್ಕಿನ ಬಣ್ಣ, ಬಾಲ ಸದಾ ಮೇಲೆ, ದನಿ ಮೈಗಿಂತ ಹತ್ತು ಪಟ್ಟು ದೊಡ್ಡದು.

ಅಂಗಳ ಒಮ್ಮೆಲೇ ಮೌನವಾದರೆ

ಕಾಳಿನ ಮೇಲಿದ್ದ ಗುಬ್ಬಿಗಳೆಲ್ಲ ಒಂದೇ ಏಟಿಗೆ ಬೇಲಿಯೊಳಗೆ ನುಗ್ಗಿ ಉಸಿರು ಬಿಗಿಹಿಡಿದರೆ ಮೇಲೆ ನೋಡಬೇಕು. ಬೂದು ಬೆನ್ನು, ಎದೆಗೆ ಕಂದು ಅಡ್ಡಗೆರೆ, ಕೆಂಡದ ಕಣ್ಣಿನ ಶಿಕ್ರಾ ಹತ್ತಿರದಲ್ಲೆಲ್ಲೋ ಕೂತಿರುತ್ತದೆ. ಪಾರಿವಾಳದ ಗಾತ್ರದ ಈ ಗಿಡುಗ ಬಂದದ್ದು ಕಾಳಿಗಲ್ಲ, ಕಾಳಿಗೆ ಬಂದವರಿಗೆ. ಇದನ್ನು ಕಂಡು ತಟ್ಟೆ ಎತ್ತಿಡಬೇಕಿಲ್ಲ. ಬೇಟೆಗಾರನಿಗೂ ಹೊಟ್ಟೆ ತುಂಬುವಷ್ಟು ಜೀವ ಸುತ್ತಲೂ ಇದೆ ಎಂಬುದಕ್ಕೆ ಅದೇ ಪುರಾವೆ. ತಪ್ಪಿಸಬೇಕಾದ ಅಪಾಯ ಬೆಕ್ಕು. ತಟ್ಟೆಯನ್ನು ದಟ್ಟ ಪೊದೆಗೆ ಅಂಟಿಸಿ ಇಟ್ಟರೆ ಬೆಕ್ಕಿಗೆ ಮರೆ ಸಿಗುತ್ತದೆ, ತೀರಾ ಬಯಲಲ್ಲಿ ಇಟ್ಟರೆ ಹಕ್ಕಿಗೆ ಮರೆ ಸಿಗುವುದಿಲ್ಲ. ಪೊದೆಯಿಂದ ಎರಡು ಮಾರು ದೂರ, ಸೊಂಟದೆತ್ತರದ ಕಲ್ಲಿನ ಮೇಲೆ ಇಡುವುದು ವಾಸಿ.

ಇನ್ನೂ ಕೆಲವು ಕಟ್ಟಳೆಗಳಿವೆ. ನೀರಿನ ತಟ್ಟೆ ಎರಡು ಅಂಗುಲಕ್ಕಿಂತ ಆಳವಿರಬಾರದು. ಆಳವಿದ್ದರೆ ನಡುವೆ ಒಂದು ಕಲ್ಲಿಡಿ. ಮಣ್ಣಿನದು ಉತ್ತಮ, ಲೋಹದ ತಟ್ಟೆ ಬಿಸಿಲಿಗೆ ಕಾಯುತ್ತದೆ. ದಿನವೂ ನೀರು ಚೆಲ್ಲಿ, ಉಜ್ಜಿ ತೊಳೆದು ತುಂಬಿಸಬೇಕು. ಕೊಳೆ ನಿಂತರೆ ಬೆಳವ, ಪಾರಿವಾಳಗಳ ಗಂಟಲಿಗೆ ಹುಣ್ಣು ತರುವ ಸೂಕ್ಷ್ಮಜೀವಿ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ನೀರು ವಾರಗಟ್ಟಲೆ ನಿಂತರೆ ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಉಪ್ಪು, ಎಣ್ಣೆ ಬೆರೆತ ಚುರುಮುರಿ, ಮಿಕ್ಸ್ಚರ್ ಬೇಡ. ಎಲ್ಲಕ್ಕಿಂತ ಮುಖ್ಯವಾದದ್ದು ಒಕ್ಕಲು ಮನೆಗಳಿಗೆ ಸೇರಿದ್ದು: ಬಿತ್ತನೆಗೆ ತಂದು ಉಳಿದ ಬೀಜವನ್ನು ಎಂದೂ ಹಕ್ಕಿಗೆ ಹಾಕಬಾರದು. ಚೀಲದಲ್ಲಿ ಬರುವ ಬೀಜಕ್ಕೆ ಬಣ್ಣದ ಜೊತೆ ಕೀಟನಾಶಕ, ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಆ ಕೆಂಪು, ಗುಲಾಬಿ ಬಣ್ಣ ಇರುವುದೇ ‘ಇದು ತಿನ್ನುವ ಕಾಳಲ್ಲ’ ಎಂದು ಮನುಷ್ಯರಿಗೆ ತಿಳಿಯಲಿ ಎಂದು. ಗುಬ್ಬಿಗೆ ಆ ಸೂಚನೆ ಓದಲು ಬರುವುದಿಲ್ಲ. ಹಿಡಿದು ಪಂಜರಕ್ಕೆ ಹಾಕುವ ಆಸೆ ಇದ್ದವರಿಗೆ ಇನ್ನೊಂದು ಮಾತು: ಗಿಣಿ, ರಾಟವಾಳ ಸಾಕುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಬೇಲಿಯಾಚೆಯ ಲೆಕ್ಕ

ತಟ್ಟೆ ಇಟ್ಟ ಮಾತ್ರಕ್ಕೆ ಹಕ್ಕಿ ಬರುವುದಿಲ್ಲ. ಅದು ಬದುಕುವುದು ಬೇಲಿಯಾಚೆಗೆ; ಅಂಗಳಕ್ಕೆ ಬಂದುಹೋಗುವುದಷ್ಟೇ. ಗುಬ್ಬಿಯನ್ನೇ ನೋಡಿ. ದೊಡ್ಡದಾದ ಮೇಲೆ ಕಾಳು ತಿಂದರೂ ಮರಿಗಳಿಗೆ ಅದು ಉಣಿಸುವುದು ಹುಳ. ಹಿತ್ತಲಲ್ಲಿ ಅವರೆ ಬಳ್ಳಿ, ನುಗ್ಗೆ, ತಿಪ್ಪೆ ಇದ್ದರೆ ಹುಳ ಇರುತ್ತದೆ. ಹಿತ್ತಲಿಗೆಲ್ಲ ಸಿಮೆಂಟು ಬಿದ್ದರೆ ಎಷ್ಟು ನವಣೆ ಸುರಿದರೂ ಮರಿಗಳ ಬಾಯಿಗೆ ಹಾಕಲು ಏನೂ ಸಿಗುವುದಿಲ್ಲ. ಬೆಳವಕ್ಕೆ ಈ ತೊಂದರೆ ಕಡಿಮೆ. ಅದು ತನ್ನ ಗಂಟಲ ಚೀಲದಲ್ಲಿ ಹಾಲಿನಂಥ ದ್ರವವನ್ನು ತಾನೇ ತಯಾರಿಸಿ ಮರಿಗೆ ಉಣಿಸುತ್ತದೆ. ಗುಬ್ಬಿ ಕಾಣೆಯಾದ ಕಡೆಯೂ ಬೆಳವ ಉಳಿಯುವುದಕ್ಕೆ ಇದೊಂದು ಕಾರಣ.

ಗೂಡಿನ ಮಾತೂ ಇದೆ. ಮಣ್ಣಿನ ಮಾಳಿಗೆ ಮನೆಯ ಜಂತೆ, ಬೆಳಕಿಂಡಿ, ಗೋಡೆಯ ಬಿರುಕು ಎಲ್ಲವೂ ಗುಬ್ಬಿಗೆ ಮನೆಯಾಗಿದ್ದವು. ಆರ್‌ಸಿಸಿ ಚಾವಣಿಯಲ್ಲಿ ಸಂದಿಯೇ ಇಲ್ಲ. ಮರದ ಪೆಟ್ಟಿಗೆಗೆ ಅಂಗುಲಕ್ಕಿಂತ ತುಸು ದೊಡ್ಡ ತೂತು ಕೊರೆದು ಬಿಸಿಲು ಬೀಳದ ಕಡೆ ಮೊಳೆ ಹೊಡೆದರೆ ಆ ಕೊರತೆ ಸ್ವಲ್ಪ ತುಂಬುತ್ತದೆ. ಬೆಳೆಯೂ ಬದಲಾಗಿದೆ. ಜೋಳ, ಸಜ್ಜೆ, ನವಣೆ ಇದ್ದ ಎಷ್ಟೋ ಮಸಾರಿ ಹೊಲಗಳಿಗೆ ಮೆಕ್ಕೆಜೋಳ ಬಂದಿದೆ. ಅದರ ತೆನೆಗೆ ಸಿಪ್ಪೆಯ ಹೊದಿಕೆ, ಕಾಳು ಗುಬ್ಬಿ-ರಾಟವಾಳಗಳ ಕೊಕ್ಕಿಗೆ ಮೀರಿದ್ದು. ರೈತನಿಗೆ ಹಕ್ಕಿ ಕಾಯುವ ಕೆಲಸ ತಪ್ಪಿತು, ಹಕ್ಕಿಗೆ ಊಟ ತಪ್ಪಿತು. ಇನ್ನೊಂದು ಕಡೆ ಗೋಮಾಳಗಳನ್ನು ನುಂಗಿದ ಬಳ್ಳಾರಿ ಜಾಲಿಯ ಮುಳ್ಳುಪೊದೆ ಸಣ್ಣ ಹಕ್ಕಿಗಳಿಗೆ ಮರೆಯಾಗಿದೆ. ಬಯಲನ್ನೇ ನಂಬಿದ ನೆಲಗುಬ್ಬಿಗಳಿಗೆ ಮಾತ್ರ ಅದೇ ಪೊದೆ ಜಾಗ ಕಿತ್ತುಕೊಂಡಿದೆ.

ದೇಶದ ಮಟ್ಟದಲ್ಲಿ ಇಂಥ ಏರುಪೇರುಗಳನ್ನು ಅಳೆದ ಪ್ರಯತ್ನ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ. 2020ರ ವರದಿ ಮನೆಗುಬ್ಬಿಯ ಬಗ್ಗೆ ಎಲ್ಲರೂ ನಂಬಿದ್ದ ಕಥೆಯನ್ನು ತಿದ್ದಿತು: ಬೆಂಗಳೂರೂ ಸೇರಿ ದೊಡ್ಡ ಮಹಾನಗರಗಳಲ್ಲಿ ಅದು ಇಳಿಮುಖವಾಗಿದ್ದರೂ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ. 2023ರ ವರದಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿತು. ಅದರಲ್ಲಿ ಆತಂಕದ ಪಟ್ಟಿಗೆ ಸೇರಿದ ಹೆಸರುಗಳಲ್ಲಿ ಒಂದು ನೀಲಕಂಠ, ನಮ್ಮ ರಾಜ್ಯಪಕ್ಷಿ. ಹೊಲದಂಚಿನ ತಂತಿಯ ಮೇಲೆ ಕೂತು ಮಿಡತೆಗೆ ಹೊಂಚುವ ಈ ಹಕ್ಕಿ ಯಾರ ತಟ್ಟೆಗೂ ಬರುವುದಿಲ್ಲ. ಆದರೆ ಹೊಸಹಳ್ಳಿಯಂಥ ಊರಿನ ದಾರಿಯಲ್ಲಿ ಕಣ್ಣಿಗೆ ಬೀಳುವಂಥದ್ದೇ. ‘ಸಾಮಾನ್ಯ’ ಎಂದು ಯಾರೂ ಎಣಿಸದ ಹಕ್ಕಿಯೇ ಸದ್ದಿಲ್ಲದೆ ಕಡಿಮೆಯಾಗುತ್ತದೆ.

ಆ ಎರಡೂ ವರದಿಗಳಿಗೆ ಆಧಾರ ಸರ್ಕಾರಿ ಗಣತಿಯಲ್ಲ, ಹವ್ಯಾಸಿಗಳು ಬರೆದು ಕಳಿಸಿದ ಪಟ್ಟಿಗಳು. 2023ರದಕ್ಕೆ ಸುಮಾರು 30,000 ಮಂದಿಯ ದಾಖಲೆಗಳು ಸೇರಿವೆ. ಪಟ್ಟಿಗಳು ಹೆಚ್ಚಾಗಿ ಬರುವುದು ನಗರಗಳಿಂದ, ಹೆಸರಾಂತ ತಾಣಗಳಿಂದ. ನಮ್ಮ ಸೀಮೆಯಲ್ಲೂ ಹಾಗೆಯೇ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು; 98.76 ಹೆಕ್ಟೇರಿನ ಅದಕ್ಕೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ ಮನ್ನಣೆಯೂ ಸಿಕ್ಕಿತು. ಅಲ್ಲಿ ಕರಿಜಾಲಿಯ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಎಣಿಸಲು ಜನರಿದ್ದಾರೆ. ಅದೇ ಸೀಮೆಯ ಒಂದು ಹಳ್ಳಿಯ ಹಿತ್ತಲಲ್ಲಿ ಎಷ್ಟು ಗುಬ್ಬಿ, ಎಷ್ಟು ರಾಟವಾಳ ಇವೆ ಎಂದು ಬರೆದವರು ಯಾರು?

ಶುರು ಮಾಡಲು ಸುಲಭದ ದಾರಿ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’. ಅಮೆರಿಕದಲ್ಲಿ 1998ರಲ್ಲಿ ಆರಂಭವಾಗಿ 2013ರಿಂದ ಭಾರತದಲ್ಲೂ ನಡೆಯುತ್ತಿರುವ ಈ ಎಣಿಕೆ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಇರುತ್ತದೆ. ಹದಿನೈದು ನಿಮಿಷ ಒಂದೇ ಕಡೆ ಕೂತು, ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನೂ ಸಂಖ್ಯೆಯೊಡನೆ ‘ಇಬರ್ಡ್’ ಆ್ಯಪಿಗೆ ಸೇರಿಸಿದರೆ ಆಯಿತು. ದನಿಯಿಂದ ಗುರುತು ಹಿಡಿಯಲು ‘ಮರ್ಲಿನ್’ ಆ್ಯಪ್ ಇದೆ. ಅದು ಹೇಳಿದ್ದನ್ನು ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕೈಗಿದ್ದರೆ ಕಂಡದ್ದಕ್ಕೆ ಕನ್ನಡದ ಹೆಸರೂ ಸಿಗುತ್ತದೆ.

ಫೋನು ಬೇಡವೆಂದರೆ ಶಾಲಾ ನೋಟುಪುಸ್ತಕ ಸಾಕು. ತಾರೀಖು, ಹೊತ್ತು, ಹಕ್ಕಿ, ಎಷ್ಟು, ಏನು ತಿನ್ನುತ್ತಿತ್ತು ಎಂದು ಐದು ಅಂಕಣ ಗೀಚಿ. ಹೆಸರು ಗೊತ್ತಾಗದಿದ್ದರೆ ಗಾತ್ರ, ನಡಿಗೆ, ಕೊಕ್ಕು ಬರೆದಿಡಿ. ಹೆಸರು ಆಮೇಲೆ ಸಿಕ್ಕೀತು. ವರ್ಷ ಕಳೆಯುವಷ್ಟರಲ್ಲಿ ಗುಲಾಬಿ ಕಬ್ಬಕ್ಕಿ ಯಾವಾಗ ಬಂತು, ಗಂಡು ಗೀಜಗಕ್ಕೆ ಹಳದಿ ಯಾವ ಮಳೆಗೆ ಏರಿತು, ಕೋಗಿಲೆ ಎಂದಿನಿಂದ ಕೂಗತೊಡಗಿತು ಎಂಬ ಊರಿನದೇ ಪಂಚಾಂಗ ನಿಮ್ಮ ಕೈಯಲ್ಲಿರುತ್ತದೆ. ‘ಈ ವರ್ಷ ಗುಬ್ಬಿ ಕಾಣಲಿಲ್ಲ’ ಎಂಬ ಮಾತು ಬರೀ ಕೊರಗಾಗದೆ ಮಾಹಿತಿಯಾಗಬೇಕಾದರೆ, ಹೋದ ವರ್ಷ ಎಷ್ಟು ಬಂದಿದ್ದವು ಎಂದು ಯಾರಾದರೂ ಬರೆದಿಟ್ಟಿರಬೇಕು.